ಲಾವಂಚ ನಿಲ್ಲದ ಜಾಗ

ಬರೋಡಾ
೨೧ ನವೆಂಬರ್ ೧೯೬೭

ಚಿ. ಸೌ. ಇಂದುಮತಿಗೆ ಆಶೀರ್ವಾದಗಳು.

ನಿನ್ನ ಮೂರು ಕಾಗದಗಳಿಗೂ ಸೇರಿಸಿ ಈಗ ಬರೆಯುತ್ತಿದ್ದೇನೆ, ಬೇಸರಿಸಬೇಡ. ಕೆಲಸವಿತ್ತು ಎಂದರೆ ಅರ್ಧ ನಿಜ. ನಿಮ್ಮಣ್ಣನ ಮಂಡಿನೋವು ಹೇಗಿದೆ? ಅವರೂ ಬರೆದಿದ್ದರು. ರಸ್ತೆ ದಾಟುವಾಗಲೂ ನೀನು ಅವರ ಮಕ್ಕಳ ಕೈ ಹಿಡಿಯುವುದಿಲ್ಲವಂತೆ.

ಊರವರ ವಿಹಾರದ ತೋಟದ ಹಳ್ಳವನ್ನು ಸರಿಪಡಿಸುವ ಕೆಲಸ ನನಗೇ ಬಂತು. ಹೌದು, ಅದೇ ಹಳ್ಳ. ನಮ್ಮ ಮಗು ವೇದಾ ನೀರುಪಾಲಾದ ಜಾಗ. ಬೇರೆಯವರಿಗೆ ಕೊಡಿ ಎನ್ನಬಹುದಿತ್ತು. ಎನ್ನಲಿಲ್ಲ. ಕೊರೆದುಹೋದ ದಡಕ್ಕೆ ಕಲ್ಲು ಕಟ್ಟಿಸಿ, ನೀರನ್ನು ಅದರ ಹಳೆಯ ತಿರುವಿಗೆ ಬಿಟ್ಟು, ಇಳಿಜಾರಿಗೆಲ್ಲ ಲಾವಂಚ ನೆಡಿಸಿದ್ದೇನೆ. ಒಂದು ಕಡೆ ಬಿಟ್ಟು ಎಲ್ಲೆಡೆ ಬೇರು ಹಿಡಿದಿದೆ. ಆ ಜಾಗ ಒಂದೂವರೆ ಅಡಿ ಅಗಲವಷ್ಟೆ. ಮೂರು ಸಲ ನೆಡಿಸಿದೆ. ಒಣಗುವುದಿಲ್ಲ, ಯಾರೋ ಈಗಷ್ಟೇ ಎದ್ದುಹೋದ ಹಾಗೆ ಮಲಗಿರುತ್ತದೆ.

ನೆಡುವ ಹೆಂಗಸರು ಮೊಣಕೈಗೆ ಮೊಣಕೈ ತಾಗುವಂತೆ ಸಾಲಾಗಿ ಬಗ್ಗಿ ಹಿಂದೆ ಸರಿಯುತ್ತಾರೆ. ಅಲ್ಲಿಗೆ ಬಂದಾಗ ಸಾಲು ತಾನಾಗಿ ಒಡೆಯಿತು, ದಾಟಿದ ಮೇಲೆ ಕೂಡಿತು. ಗದರಿದೆ.

ಅವರ ಮೇಸ್ತ್ರಿ ಕಂಕುಬೆನ್ ಸೊಂಟ ನೆಟ್ಟಗೆ ಮಾಡಿಕೊಂಡು, "ಕೂತವರನ್ನ ಏಳಿಸಿ ನೆಡಬೇಕಾ, ಸಾಹೇಬ್?" ಎಂದಳು.

"ಯಾರು ಕೂತಿದ್ದಾರೆ?"

"ದಿನಾ ನೀವೇ ಸುತ್ತುಹಾಕ್ಕೊಂಡು ಹೋಗ್ತೀರಿ, ನನ್ನ ಕೇಳ್ತೀರಲ್ಲ!"

ಹಸಿಮಣ್ಣಿನ ಮೇಲೆ ನನ್ನ ಬೂಟಿನ ಗುರುತು ನೋಡಿದೆ. ಸುತ್ತುಹಾಕಿಯೇ ಹೋಗಿತ್ತು.

ಮೊನ್ನೆ ಭಾನುವಾರ ತೋಟ ತೆರೆದೆವು. ದಡದುದ್ದಕ್ಕೂ ಜಮಖಾನೆ, ಢೋಕ್ಳಾ, ಟ್ರಾನ್ಸಿಸ್ಟರ್. ಆ ಒಂದೂವರೆ ಅಡಿ ಮಾತ್ರ ಖಾಲಿ. ಅದರ ಪಕ್ಕ ಕೂತ ಒಬ್ಬಳು ಗಂಡನಿಗೆ, "ಸ್ವಲ್ಪ ಆಚೆ ಸರೀರಿ, ಮಗೂಗೆ ತಾಗುತ್ತೆ" ಎಂದಳು. ಅವರ ಜೊತೆ ಮಗುವಿರಲಿಲ್ಲ. ಅವಳಿಗೂ ಅದು ಹೊಳೆದಿರಬೇಕು. ಡಬ್ಬಿ ಮುಚ್ಚಿ, ಗಂಡನನ್ನು ಎಬ್ಬಿಸಿಕೊಂಡು ಹೋದಳು.

ಅವರು ಬಿಟ್ಟ ಜಾಗದಲ್ಲಿ ನಾನು ಕೂತೆ. ನೀರು ನಿಧಾನವಾಗಿತ್ತು. ಬಿಸಿಲಿದ್ದರೂ ನನ್ನ ಎಡಗೈ ಮಾತ್ರ ತಣ್ಣಗಾಗುತ್ತ ಬಂತು.

ನಿನಗೆ ಒಳ್ಳೆಯ ನಿದ್ದೆ ಬರಲಿ. ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು.

ಪಟ್ಟಾಭಿರಾಮ

ತಾ.ಕ. ‘ಡಬ್ಬಿಯ ಮುಚ್ಚಳ ತೆಗೆಯಲು ವೇದಾಳ ಕೈ ಬಿಟ್ಟೆ, ಅದಕ್ಕೇ ಜಾರಿದಳು’ ಎಂದು ನೀನು ಎಂಟು ವರ್ಷದಿಂದ ಹೇಳುತ್ತಿದ್ದೀಯ. ನಾನು ತಿದ್ದಲಿಲ್ಲ. ವೇದಾ ಜಾರಲಿಲ್ಲ. ಓಡಾಡುವವರಿಗೆ ಚೆಂದವೆಂದು ಹಳ್ಳದ ತಿರುವು ಮುಚ್ಚಿಸಿ ನೆಟ್ಟಗೆ ಮಾಡಿಸಿದವನು ನಾನು. ನೀರು ವೇಗ ಹಿಡಿದು ದಡವನ್ನು ಕೆಳಗಿನಿಂದ ತಿಂದಿತ್ತು. ಮೇಲೆ ಹುಲ್ಲಿತ್ತು, ಅಡಿಯಲ್ಲಿ ಮಣ್ಣಿರಲಿಲ್ಲ. ಆ ಶುಕ್ರವಾರವೇ ನೋಡಿದ್ದೆ. ಮಳೆಗಾಲದವರೆಗೆ ತಡೆದೀತು ಅಂದುಕೊಂಡೆ. ಭಾನುವಾರ, ಜಮಖಾನೆ ಎಲ್ಲಿ ಹಾಸಲಿ ಎಂದು ನೀನು ಕೇಳಿದಾಗ ಅಲ್ಲಿಗೇ ಕೈ ತೋರಿಸಿದ್ದೂ ನಾನೇ.