ಮೊದಲ ಕಾರ್ಡು

೨೪ ಅಕ್ಟೋಬರ್ ೧೯೭೭, ಸೋಮವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಇವತ್ತು ಮೊದಲ ಕಾರ್ಡು ಬದಲಿಸಿದವಳು ನಾನು.

ಎಂದಿನಂತೆ ಮಂಡ್ಯದಿಂದ ಪ್ಯಾಸೆಂಜರ್, ಮದ್ದೂರು, ನಾನು ಕಂಪ್ಯೂಟರ್ ಕೆಲಸ ನೋಡುವ ಕಾರ್ಖಾನೆಯ ಗೇಟು. ಪಟ್ಟಲಮ್ಮ ಅಲ್ಲೇ ಕೂತಿದ್ದಳು. ಮಳವಳ್ಳಿ ಕಡೆಯವಳು, ಅರೆಯುವ ಹಂಗಾಮಿನಲ್ಲಿ ಸಕ್ಕರೆ ಚೀಲ ಹೊಲಿಯುತ್ತಾಳೆ. ಈ ಸಲ ಕೆಲಸಕ್ಕೆ ಕರೆದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

"ಓದ್ ಸಲ ನಾಕ್ ತಿಂಗ್ಳು ಚೀಲ ಒಲ್ದಿವ್ನಿ ಕಣಮ್ಮ. ಈಗ ನಾನು ಉಟ್ಟೇ ಇಲ್ಲ ಅಂತದಾ ನಿಮ್ ಮಿಸೀನು?"

ಹಾಗೇ ಹೇಳುತ್ತಿದೆ. ಕೆಲಸದ ಟೋಕನ್ ನಂಬರ್ ಸಾವಿರ ಮುಟ್ಟಿದವರನ್ನು, ಪಟ್ಟಿ ಮಾಡುವ ಪ್ರೋಗ್ರಾಂ ಕೈಬಿಡುತ್ತದೆ — ಮೂರೇ ಅಂಕಿಗೆ ಜಾಗ. ನಲವತ್ತೊಂದು ಜನ. ಜುಲೈನಲ್ಲೇ ಮಿಷೀನ್ ಕಂಪನಿಗೆ ಬರೆದಿದ್ದೆ. ಉತ್ತರ: ನೀವು ಮುಟ್ಟಬೇಡಿ, ನಾವು ಬರುತ್ತೇವೆ. ಬರಲಿಲ್ಲ. ನಾನೇ ಪ್ರೋಗ್ರಾಂ ಸರಿಪಡಿಸಿ ಹೊಸ ಕಾರ್ಡುಗಳ ಕಟ್ಟು ಪಂಚ್ ಮಾಡಿದೆ. ಮಿಷೀನು ಓದಲಿಲ್ಲ. ಕಟ್ಟಿನ ಮೊದಲ ಕಾರ್ಡಿನಲ್ಲಿ ಪ್ರೋಗ್ರಾಮಿನ ಹೆಸರು; ಕಂಪನಿ ಇಟ್ಟ ಹೆಸರಿದ್ದರಷ್ಟೇ ಮಿಷೀನು ಓದುತ್ತದೆ. ಆ ಹೆಸರನ್ನು ನಾವು ಬದಲಿಸುವಂತಿಲ್ಲ, ಬೇರೆಯದಕ್ಕೆ ಇಡುವಂತಿಲ್ಲ — ಕರಾರು. ಕೋಣೆ ನಮ್ಮದು, ಕರೆಂಟು ನಮ್ಮದು, ಕೆಲಸ ಕಳೆದುಕೊಳ್ಳುವವರೂ ನಮ್ಮವರು.

ಹಳೇ ಕಟ್ಟಿನ ಮೊದಲ ಕಾರ್ಡು ತೆಗೆದು ನನ್ನ ಕಟ್ಟಿನ ಮೇಲಿಟ್ಟೆ. ಆಪರೇಟರ್ ಸಿದ್ದರಾಜು ಕೈಗೆ ಕೊಟ್ಟೆ, ಏನೂ ಹೇಳದೆ. ಹಾಕಿದ, ರಿಜಿಸ್ಟರಿನಲ್ಲಿ ಸಹಿ ಮಾಡಿದ. ಕಟ್ಟು ಹಾಕಿದವನದೇ ಸಹಿ — ನಮ್ಮಲ್ಲಿ ಹಾಗೆ.

ಪಟ್ಟಿಯಲ್ಲಿ ನಲವತ್ತೊಂದು ಹೆಸರೂ ಬಂದವು.

೨೭ ಅಕ್ಟೋಬರ್

ಪಟ್ಟಲಮ್ಮ ಕಾರ್ಖಾನೆಯೊಳಗಿದ್ದಾಳೆ, ಚೀಲ ಹೊಲಿಯುತ್ತ. ಕಿಟಕಿಯಿಂದ ಕೈ ಬೀಸಿದಳು.

೭ ನವೆಂಬರ್, ಸೋಮವಾರ

ಕಂಪನಿಯ ಇಂಜಿನಿಯರ್ ಸಂಪತ್ ಕುಮಾರ್ ಇವತ್ತು ಬಂದರು. ಬೀರುವಿನಲ್ಲಿ ಹಳೇ ಕಟ್ಟು ಅವರ ಕಣ್ಣಿಗೆ ಬಿತ್ತು, ಮೊದಲ ಕಾರ್ಡಿಲ್ಲದೆ. ವಾಪಸ್ ಇಡಲು ಎರಡು ವಾರ ಇತ್ತು ನನಗೆ. ಮರೆತೆನೋ, ಮುಟ್ಟಲು ಹೆದರಿದೆನೋ...

ಮ್ಯಾನೇಜರ್ ರಿಜಿಸ್ಟರ್ ತರಿಸಿದರು.

"ಯಾರಯ್ಯ ಕೊಟ್ಟಿದ್ದು ನಿನಗೆ?"

ಸಿದ್ದರಾಜು ನನ್ನ ಕಡೆ ನೋಡಲಿಲ್ಲ. "ಮೇಜಿನ್ ಮ್ಯಾಲಿತ್ತು ಸಾ. ತಗಂಡು ಹಾಕ್ದೆ."

ಬಾಯಿ ತೆರೆದೆ. "ಕಾಫಿ ತರಿಸಲಾ ಸರ್?" ಅಂದೆ.

ಸಿದ್ದರಾಜು ಸಸ್ಪೆಂಡ್. ಸಂಜೆಯೊಳಗೆ ಹಳೇ ಪ್ರೋಗ್ರಾಂ, ಹಳೇ ಪಟ್ಟಿ.

೮ ನವೆಂಬರ್

ನಲವತ್ತೊಂದು ಜನರ ಟೋಕನ್ ಗೇಟಿನಲ್ಲಿ ವಾಪಸ್ ಪಡೆದರು. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ.

೧೩ ನವೆಂಬರ್, ಭಾನುವಾರ

ಕೆರಗೋಡಿಗೆ ಹೋಗಿದ್ದೆ, ಸಿದ್ದರಾಜು ಮನೆಗೆ. ಹೆಂಡತಿ ಚಲುವಮ್ಮ ಚಾಪೆ ಹಾಸಿದಳು, ನಿಂತೇ ಮಾತಾಡಿದಳು.

"ಆ ಕಾಲ್ಡು ಎಲ್ಲಿಂದ ಬಂತು ಅಂತ ನಿಮ್ಗೆ ಗೊತ್ತಿರ್ಬೇಕಲ್ಲ ಮೇಡಮ್ಮೋರೆ. ಕಟ್ಟು ಕೊಡೋರು ನೀವೇ ತಾನೆ?"

"ಬುಡು ಕಣೆ," ಅಂದ ಸಿದ್ದರಾಜು. "ಅವ್ರ ಮನೇಲಿ ವಯಸ್ಸಾದ ತಾಯಿ ಅವ್ರೆ."

"ನಿಮ್ಮವ್ವ ಏನು ಎಳೇ ಮಗೀನಾ?"

ಅವನು ನಕ್ಕ. ಆಮೇಲೆ ನನ್ನನ್ನು ಕೇಳಿದ: "ಪಟ್ಟಿ ಸರ್ಯಾಗಿ ಬಂದಿತ್ತಾ, ಅವತ್ತು?"

"ಬಂದಿತ್ತು."

"ಅಂಗಾರೆ ಸರಿ."

ಎಲ್ಲ ತಿಳಿದಿದೆ ಅವನಿಗೆ. ತಿಳಿದೂ ನನ್ನ ಹೆಸರು ಹೇಳದಿದ್ದುದನ್ನು ಒಳ್ಳೆಯತನ ಎಂದು ತಿಳಿದುಕೊಳ್ಳುವುದು ನನಗೆ ಎಷ್ಟು ಅನುಕೂಲ. ಬಸ್ಸಿನಲ್ಲಿ ಬರುತ್ತ ಅವನ ಋಣ ದೊಡ್ಡದು ಅಂದುಕೊಂಡೆ. ಅಷ್ಟಕ್ಕೇ ಮನಸ್ಸು ಹಗುರಾಯಿತು. ಅದೇ ನಾಚಿಕೆಗೇಡು.

೧೯ ನವೆಂಬರ್, ಶನಿವಾರ, ಸಂಜೆ ಐದು

ಬುಧವಾರ ಸಿದ್ದರಾಜುವಿನ ವಿಚಾರಣೆ. ತೆಗೆದುಹಾಕುವುದು ಖಚಿತವಂತೆ, ಆಫೀಸಿನಲ್ಲಿ ಮಾತು.

ಮ್ಯಾನೇಜರಿಗೆ ಮೊದಲು ಇಂಗ್ಲಿಷಿನಲ್ಲಿ ಬರೆದೆ. ಕಾನ್ವೆಂಟ್ ಕಲಿಸಿದ ಚಂದದ ಇಂಗ್ಲಿಷ್. ಒಂದು ಪುಟ. ಓದಿದರೆ ಕಾರ್ಡು ತಾನಾಗಿಯೇ ನಡೆದು ಹೋದಂತಿತ್ತು. ಹರಿದೆ. ಕನ್ನಡದಲ್ಲಿ ನಾಲ್ಕು ಸಾಲು: ಕಾರ್ಡು ಬದಲಿಸಿದ್ದು ನಾನು. ಸಿದ್ದರಾಜುಗೆ ತಿಳಿಸಲಿಲ್ಲ. ನಲವತ್ತೊಂದು ಜನರ ಟೋಕನ್ ನಂಬರ್ ಲಗತ್ತಿಸಿದ್ದೇನೆ. ಅವರು ದುಡಿದಿದ್ದಾರೆ.

"ಯಾರಿಗೇ ಕಾಗದ?" ಅಂದರು ಅಮ್ಮ.

"ಆಫೀಸಿಗೆ."

"ದಿನಾ ಹೋಗ್ತೀಯಲ್ಲ, ಕೈಯಲ್ಲೇ ಕೊಡಬಾರದೆ?"

ಕೈಯಲ್ಲಿ ಕೊಡಲು ಹೋದರೆ ಮತ್ತೆ ಕಾಫಿ ತರಿಸುತ್ತೇನೆ.

ಸ್ಟಾಂಪು ಅಂಟಿಸಿದೆ. ಇವತ್ತಿನ ಟಪಾಲು ಹೋಗಿಯಾಯಿತು — ಇಲ್ಲ, ಸುಳ್ಳು. ಐದೂವರೆಗೆ ತೆಗೆಯುತ್ತಾರೆ. ಡಬ್ಬ ಬೀದಿಯ ಕೊನೆಯಲ್ಲೇ ಇದೆ. ಆದರೂ ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಾಗಿದೆ, ಡಬ್ಬಕ್ಕೆ ಹಾಕುವ ದಿನ: ಸೋಮವಾರ, ನವೆಂಬರ್ ೨೧.