ಉತ್ತರದ ಗೋಡೆಯ ಬಲೆ

ಅಂಕೋಲಾ
೧೨ ಆಗಸ್ಟ್ ೨೦೨೫

ದೀಕ್ಷಾಳ ಪಪ್ಪ, ಶಿರವಾಡದ ಮಹಾ ಕಲಾರಸಿಕ ಶ್ರೀ ಗುರುಪ್ರಸಾದರಿಗೆ, ಅವರದೇ ಹೆಂಡತಿಯ ನಮಸ್ಕಾರ.

ಸಮಸ್ತ ಕಲಾಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ನಮ್ಮ ನಡುಕೋಣೆಯ ಉತ್ತರದ ಗೋಡೆಯ ದೊಡ್ಡ ಮೊಳೆ ಇಂದು ಬೆಳಿಗ್ಗೆಯಿಂದ ಖಾಲಿ ಇದೆ. ನೀವು ಆಫೀಸಿಗೆ ಹೋದ ಮೇಲೆ ಸ್ಟೂಲು ಹತ್ತಿ ಅಪ್ಪನ ಬಲೆ ಇಳಿಸಿದವಳು ನಾನೇ. ಕಳ್ಳತನವೆಂದು ಪೊಲೀಸರ ಹತ್ತಿರ ಓಡಬೇಡಿ. ಬಲೆ ಯಾರದೆಂದು ಅವರು ಮೊದಲು ಕೇಳುತ್ತಾರೆ.

ನಿಮ್ಮ ಚಿತ್ರಗಳಿಗಾಗಿ ಈ ಮನೆ ಏನೇನು ತ್ಯಾಗ ಮಾಡಿಲ್ಲ! ಊಟದ ಮೇಜು ಹಿತ್ತಲಿಗೆ ಹೋಯಿತು. ಕೆಂಪು ಮಿಕ್ಸರ್ ಕಣ್ಣಿಗೆ ಹೊಡೆಯುತ್ತದೆಂದು ಬಚ್ಚಲ ಪಕ್ಕ ಸೇರಿತು. ಗೋಡೆಯ ಮೇಲೆ ಬಂಗಡೆ ಮೀನಿನ ಚಿತ್ರಕ್ಕೆ ದೀಪ, ಒಲೆಯ ಮೇಲೆ ಬಂಗಡೆಗೆ ನಿಷೇಧ: ಹೊಗೆ ಕ್ಯಾನ್ವಾಸಿಗೆ ಹಿಡಿಯುತ್ತದಂತೆ. ನನ್ನ ಹಳದಿ ನೈಟಿ ಕಡಲಿನ ಚಿತ್ರಕ್ಕೆ ಹೊಂದುವುದಿಲ್ಲವೆಂದು ಸೋಫಾದಿಂದ ನನ್ನನ್ನೇ ಎಬ್ಬಿಸಿದಿರಿ. ಎದ್ದೆ.

ಆದರೆ ಬಲೆ? ಅಂಕೋಲೆಯ ಮನೆಯ ಮಾಡು ಸೋರುತ್ತದೆ, ದೋಣಿ ಮತ್ತೆ ಕಡಲಿಗಿಳಿಯುವವರೆಗೆ ಒಣ ಜಾಗದಲ್ಲಿ ಇರಲಿ ಎಂದು ಅಪ್ಪ ನಂಬಿ ಕೊಟ್ಟದ್ದು. ಹೊಸ ಮೀನುಗಾರಿಕೆಗೆಂದು ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು, ಮರುದಿನ ಬಲೆ ಕೇಳಲು ಬಂದರೆ ನೀವು ಹೇಳಿದ್ದೇನು? "ಮಾವಾ, ಈಗ ಅದು ಬಲೆ ಅಲ್ಲ, ಕಲಾಕೃತಿ. ತೆಗೆದ್ರೆ ಇಡೀ ಗೋಡೆ ಸತ್ತೋಗ್ತದೆ."

ಅಪ್ಪ ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ತಿರುಗಿ ಅಂದ: "ಆಗ್ಲಿ ಬಿಡಿ ಅಳಿಯಾರೇ. ಆದ್ರೆ ಗೋಡೆ ಹತ್ತಿ ಬನ್ನಿ ಅಂತ ಮೀನಿಗೆ ಹೇಳುವವ್ರು ಯಾರು?"

ಊರಿನ ದೋಣಿಗಳೆಲ್ಲ ನೀರಿಗಿಳಿದಿವೆ. ಅಪ್ಪನದು ಮರಳಿನ ಮೇಲೆ ಕೂತಿದೆ. ಇಂದು ಇಲ್ಲಿ ಅಪ್ಪನ ಅಂಗಳದಲ್ಲಿ ಬಲೆ ಹರಡಿದಾಗ ಗೊತ್ತಾಯಿತು, ಗೋಡೆಯ ಬಣ್ಣಕ್ಕೆ ಗೀರು ಬೀಳಬಾರದೆಂದು ಸೀಸದ ಗುಂಡುಗಳ ಸಮೇತ ಕೆಳಗಿನ ಅಂಚನ್ನೇ ಕತ್ತರಿಸಿದ್ದೀರಿ. ಮುಳುಗದ ಬಲೆ! ಅಪ್ಪ ಬೈಯಲಿಲ್ಲ, ಅಂಚನ್ನು ಬೆರಳಿನಿಂದ ಸವರುತ್ತಲೇ ಇದ್ದ. ಅವನ ಪಾಲಿನದನ್ನೂ ಅವ್ವ ಬೈದಳು. ಅದನ್ನು ಬರೆದರೆ ಈ ಕಾಗದವೇ ಹೊತ್ತಿಕೊಂಡೀತು.

ಈ ಸಲದ ಮೀನು ತಪ್ಪಬಾರದು. ಎರವಲು ತಂದ ಸೂಜಿಯಲ್ಲಿ ನಾನೇ ಕೂತು ಹೆಣೆಯುತ್ತಿದ್ದೇನೆ. ದೀಕ್ಷಾ ಪಕ್ಕದಲ್ಲಿ ಕೂತು ಹುರಿದ ಬಂಗಡೆ ತಿನ್ನುತ್ತಿದ್ದಾಳೆ, ಹೊಗೆಯ ಮಧ್ಯದಲ್ಲೇ.

ಇಂತು, ಯಾವ ಗೋಡೆಗೂ ಹೊಂದದ
ಹೀರಾ

ತಾ.ಕ.: ಮೊಳೆ ಬೋಳಾಗಿ ಕಾಣಬಾರದೆಂದು ಮನೆಯ ನನ್ನ ಕೀಲಿಕೈಯನ್ನು ಅದಕ್ಕೇ ತೂಗುಹಾಕಿ ಬಂದಿದ್ದೇನೆ, ದೀಪ ಹಾಕಿ ನೋಡಿ. ಇನ್ನೊಂದು ಉಪಕಾರ. ನಿಮ್ಮ ಬೀಗ ಹಾಕಿದ ಕೋಣೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಬಲೆಯ ಜೊತೆಗೇ ಬಂದಿದ್ದ ಅಪ್ಪನ ಹೆಣೆಯುವ ಸೂಜಿ ಇದೆ. ಈ ಕಾಗದ ಸಿಕ್ಕಿದ ದಿನವೇ ಅದನ್ನು ಅಂಕೋಲಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿ, ಇಲ್ಲಿ ಬಾಳೆಗುಳಿ ಸ್ಟಾಪಿನಲ್ಲಿ ಇಳಿಸಿಕೊಳ್ಳುತ್ತೇವೆ. ಚೌಕಟ್ಟು ನೀವೇ ಇಟ್ಟುಕೊಳ್ಳಿ.