ಹೂತದ್ದು ಒಂದೇ ಗಾಡಿ

ಜನವರಿ ಮೂರು, ಶನಿವಾರ

ಮರ್ಲ್ ಅಕ್ಕಾ, ನಿನ್ನ ಮಂಡಿನೋವು ಹೇಗಿದೆ? ಡೆಸ್ಮಂಡ್ ಭಾವನ ಕೆಮ್ಮು ಇಳಿಯಿತೇ? ನಾಳೆ ಕಾಗದಕ್ಕೆ ಇಳಿಸುವ ಮೊದಲು ಇಲ್ಲೇ ದಿನಚರಿಯಲ್ಲಿ ಬರೆದುಬಿಡುತ್ತೇನೆ, ಖುಷಿಗೆ ನಿದ್ದೆ ಬರುತ್ತಿಲ್ಲ.

ಈ ಸಲವೂ ಕಾರುಗಳು ಕೆಸರಲ್ಲಿ ಹೂತರೆ ಸಂಗೀತೋತ್ಸವಕ್ಕೆ ಇನ್ನು ಹೊಲ ಕೊಡುವುದಿಲ್ಲ ಎಂದು ಮಾಲೀಕ ಹೇಳಿದ್ದ. ನಿನ್ನೆ ಮಳೆ ಬೇರೆ. ನಮ್ಮ ಪಾರ್ಕಿಂಗ್ ಸ್ವಯಂಸೇವಕರ ಮುಖ್ಯಸ್ಥ ಕ್ಯಾಲಮ್ ಇವತ್ತು ಬೆಳಿಗ್ಗೆ ಕಾರುಗಳಿಗೆ ದಾರಿ ತೋರಿಸುವ ಬಾವುಟ ಹಿಡಿದು ತಗ್ಗಿನ ಹಸಿರು ಬಯಲಿಗೇ ಹಗ್ಗ ಕಟ್ಟಿಸುತ್ತಿದ್ದ. ಅಲ್ಲೆಲ್ಲ ಜೊಂಡು ಬೆಳೆದಿತ್ತು. ಮಾಲೀಕನ ಅಪ್ಪನ ಕಾಲದಲ್ಲಿ ಅದೇ ಹೊಲದಲ್ಲಿ ಮೂವತ್ತು ವರ್ಷ ಹಾಲು ಕರೆದವಳು ನಾನು.

"ಅಲ್ಲಿ ಬೇಡ ಕಣಪ್ಪ. ಮಳೆ ಬಂದ್ರೆ ಹಸುಗಳೂ ಅಲ್ಲಿ ಕಾಲಿಡ್ತಿರ್ಲಿಲ್ಲ," ಎಂದೆ.

"ಹಸುಗಳಿಗೆ ಎಂಜಿನ್ ಇರ್ಲಿಲ್ವಲ್ಲ ಡೋರೀನಜ್ಜಿ. ನೀವು ನೆರಳಲ್ಲಿ ಕೂತ್ಕೊಳ್ಳಿ," ಎಂದವನು ತನ್ನ ಗಾಡಿಯನ್ನೇ ಇಳಿಸಿ ತೋರಿಸಲು ಹೋದ. ಚಕ್ರ ಮುಕ್ಕಾಲು ಹೂತುಹೋಯಿತು.

"ಬಾವುಟ ಈ ಕಡೆ ಕೊಡು ಮಗಾ," ಎಂದೆ. ಕೊಟ್ಟ.

ಐನೂರು ಕಾರು ದಿಣ್ಣೆಗೆ ಹತ್ತಿಸಿದೆ. ಒಂದೂ ಜಾರಲಿಲ್ಲ. ಸಂಜೆ ಮಾಲೀಕ ಬಂದು ಸುತ್ತ ನೋಡಿ, "ಮುಂದಿನ ವರ್ಷಾನೂ ಇಲ್ಲೇ ಮಾಡ್ಕೊಳ್ಳಿ. ಆದ್ರೆ ಪಾರ್ಕಿಂಗ್ ಡೋರೀನ್ ಕೈಲೇ ಇರ್ಬೇಕು," ಎಂದ. ಮೊದಲು ಚಪ್ಪಾಳೆ ತಟ್ಟಿದವನು ಕ್ಯಾಲಮ್ಮೇ.

ಮುಂದಿನ ವರ್ಷ ದಿಣ್ಣೆಯ ಆಚೆ ಬದಿಗೆ ನನಗೊಬ್ಬರು ನಂಬಿಕೆಯವರು ಬೇಕು ಅಕ್ಕಾ. ಬರುತ್ತೀಯೋ ಇಲ್ಲವೋ, ಬೇಗ ಬರೆ.